ನಿಧಿಯ ಸಾಕ್ಷಿ ಮತ್ತು ಲೋಹಶೋಧಕ: ಬೆಂಗಳೂರಿನ ಪೂರ್ವಭಾಗದ ಐತಿಹ್ಯ, ಶಾಸನ ಮತ್ತು ನೆಲೆಗಳನ್ನು ಕುರಿತ ಒಂದು ವಿಮರ್ಶೆ

1. ಪೀಠಿಕೆ

ಕನ್ನಡ ಜಾನಪದ ಅಧ್ಯಯನದಲ್ಲಿ ನಿಧಿಯನ್ನು ಕುರಿತ ಐತಿಹ್ಯಗಳಿಗೆ ದೊರೆತಿರುವ ಸ್ಥಾನ ಬಹಳ ಕಿರಿದು. ಹಾಳುಕೋಟೆಯಲ್ಲಿ ಏಳು ಕೊಪ್ಪರಿಗೆ ಹೊನ್ನಿದೆ, ಅದನ್ನು ಸರ್ಪ ಕಾಯುತ್ತಿದೆ, ಅಮಾವಾಸ್ಯೆಯ ರಾತ್ರಿ ಕೊಪ್ಪರಿಗೆ ಸರಪಳಿಯ ಸದ್ದು ಮಾಡುತ್ತ ಕೆರೆಗೆ ಇಳಿಯುತ್ತದೆ ಎಂಬಂತಹ ಹೇಳಿಕೆಗಳು ನಾಡಿನ ಅಸಂಖ್ಯ ಗ್ರಾಮಗಳಲ್ಲಿ ಕೇಳಿಬರುತ್ತವೆ. ಸಂಗ್ರಹಕಾರರು ಇವನ್ನು ‘ಜನಪದ ನಂಬಿಕೆಗಳು’ ಎಂಬ ಅಧ್ಯಾಯದಲ್ಲಿ ಶಕುನ, ದೃಷ್ಟಿ, ಮಾಟಗಳ ಜೊತೆಗೆ ಸೇರಿಸಿ ಮುಂದೆ ಸಾಗುವುದೇ ವಾಡಿಕೆ. ಇನ್ನೊಂದು ಕಡೆ, ನಿಧಿಯಾಸೆಯಿಂದ ದೇಗುಲ, ವೀರಗಲ್ಲು, ಸಮಾಧಿಗಳನ್ನು ಅಗೆದ ಪ್ರಕರಣಗಳು ಪತ್ರಿಕೆಗಳ ಅಪರಾಧ ಪುಟಗಳಲ್ಲಿ ವರದಿಯಾಗುತ್ತವೆ. ಹಾರೆ, ಪಿಕಾಸಿಗಳ ಜೊತೆಗೆ ಲೋಹಶೋಧಕ ಯಂತ್ರವನ್ನೂ ವಶಪಡಿಸಿಕೊಂಡ ಸುದ್ದಿಗಳು ಇತ್ತೀಚಿನ ದಶಕಗಳಲ್ಲಿ ಸಾಮಾನ್ಯವಾಗಿವೆ. ಒಂದೇ ವಸ್ತುವಿನ ಈ ಎರಡು ಮುಖಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ಮಾತ್ರ ವಿರಳ.

ಇಂಗ್ಲೆಂಡಿನಂತಹ ದೇಶಗಳಲ್ಲಿ ಉತ್ತ ಹೊಲಗಳಲ್ಲಿ ಲೋಹಶೋಧಕ ಹಿಡಿದು ಪ್ರಾಚೀನ ವಸ್ತುಗಳನ್ನು ಹುಡುಕುವುದು ಒಂದು ಹವ್ಯಾಸವಾಗಿ ಬೆಳೆದಿದೆ. ಕರ್ನಾಟಕದಲ್ಲಿ ಅದೇ ಯಂತ್ರವು ನಿಧಿಶೋಧದ ಹಳೆಯ ಕಥನವೊಂದರ ಒಳಗೆ ಪ್ರವೇಶ ಪಡೆಯಿತು. ಆದ್ದರಿಂದ ಇಲ್ಲಿ ಅದನ್ನು ಕೇವಲ ತಂತ್ರಜ್ಞಾನವೆಂದು ಪರಿಗಣಿಸಿದರೆ ಸಾಲದು. ಅದು ಯಾವ ಕಥನದ ಯಾವ ಪಾತ್ರದ ಸ್ಥಾನವನ್ನು ಆಕ್ರಮಿಸಿತು ಎಂಬುದನ್ನು ಕೇಳಬೇಕಾಗುತ್ತದೆ. ಕನ್ನಡದ ನಿಧಿಕಥನಗಳಲ್ಲಿ ಹೂತ ಹೊನ್ನಿಗೆ ಸದಾ ಒಬ್ಬ ಸಾಕ್ಷಿ ಇರುತ್ತಾನೆ. ಆ ಸಾಕ್ಷಿಯನ್ನು ಬಿಟ್ಟು ಹೊನ್ನನ್ನಷ್ಟೇ ಎತ್ತಿದವನಿಗೆ ಅದು ದಕ್ಕುವುದಿಲ್ಲ. ಈ ಸಾಕ್ಷಿತತ್ವವನ್ನು ನಿಧಿಗಳ್ಳರು ಕಡೆಗಣಿಸಿದಂತೆಯೇ ವಿದ್ವತ್ತೂ ಕಡೆಗಣಿಸಿದೆ ಎಂಬುದು ಪ್ರಸ್ತುತ ಲೇಖನದ ವಾದ. ಇದಕ್ಕೆ ಹಲಸೂರು, ದೊಮ್ಮಲೂರು, ವಿಭೂತಿಪುರ, ಕೃಷ್ಣರಾಜಪುರಗಳನ್ನು ಒಳಗೊಂಡ ಬೆಂಗಳೂರಿನ ಪೂರ್ವಭಾಗವನ್ನು ಮುಖ್ಯ ಆಧಾರವಾಗಿ ಬಳಸಿಕೊಳ್ಳಲಾಗಿದೆ.

2. ಹಲಸೂರು ಸೋಮೇಶ್ವರನ ಐತಿಹ್ಯ

ಹಲಸೂರಿನ ಸೋಮೇಶ್ವರ ದೇವಾಲಯದ ಉಗಮವನ್ನು ಹೇಳುವ ಐತಿಹ್ಯವು ಮೂಲತಃ ಒಂದು ನಿಧಿಕಥೆ. ಬಿ.ಎಲ್. ರೈಸ್ ಉಲ್ಲೇಖಿಸಿದ ಪಾಠದಂತೆ, ಯಲಹಂಕದಿಂದ ಬೇಟೆಗೆ ಹೊರಟ ಕೆಂಪೇಗೌಡನು ದಣಿದು ಮರವೊಂದರ ಕೆಳಗೆ ಮಲಗುತ್ತಾನೆ. ಕನಸಿನಲ್ಲಿ ಸೋಮೇಶ್ವರನು ಕಾಣಿಸಿಕೊಂಡು, ಹೂತಿರುವ ನಿಧಿಯಿಂದ ತನಗೊಂದು ಗುಡಿ ಕಟ್ಟಿಸುವಂತೆ ಅಪ್ಪಣೆ ಕೊಡುತ್ತಾನೆ. ನಿಧಿ ದೊರೆಯುತ್ತದೆ, ಗುಡಿ ಏಳುತ್ತದೆ. ಮತ್ತೊಂದು ಪಾಠದಲ್ಲಿ ನಾಯಕನು 15ನೆಯ ಶತಮಾನದ ಯಲಹಂಕ ನಾಡಪ್ರಭು ಜಯಪ್ಪಗೌಡ; ಮರವು ಗಂಧದ ಮರ; ನೆಲದಲ್ಲಿರುವುದು ಲಿಂಗ. ಹೇಳಿದಂತೆ ನಡೆದರೆ ಶುಭ, ಮೀರಿದರೆ ಕೇಡು ಎಂಬ ಎಚ್ಚರಿಕೆಯೂ ಅದರೊಂದಿಗೆ ಬರುತ್ತದೆ.

ಈ ಐತಿಹ್ಯವನ್ನು ಚರ್ಚಿಸುವವರ ಗಮನ ಹೆಚ್ಚಾಗಿ ಕಾಲನಿರ್ಣಯದ ಕಡೆಗೆ ಹರಿದಿದೆ. ಗುಡಿ ಕಟ್ಟಿಸಿದವನು ಕೆಂಪೇಗೌಡನೋ ಜಯಪ್ಪಗೌಡನೋ, ಮೂಲ ರಚನೆ ಚೋಳರ ಕಾಲದ್ದೋ ವಿಜಯನಗರ ಕಾಲದ್ದೋ ಎಂಬ ಪ್ರಶ್ನೆಗಳು ಮುಖ್ಯವಾಗಿ, ನಿಧಿಯ ಸಂಗತಿ ಅಲಂಕಾರದಂತೆ ಉಳಿದಿದೆ. ಆದರೆ ಕಥೆಯ ಕಟ್ಟನ್ನು ನೋಡಿದರೆ ನಿಧಿಯೇ ಅದರ ಕೇಂದ್ರ. ನಾಯಕನು ನಿಧಿಯನ್ನು ಹುಡುಕಿ ಹೊರಟವನಲ್ಲ. ಅದು ಅವನಿಗೆ ತೋರಿಸಲ್ಪಡುತ್ತದೆ. ತೋರಿಸುವ ದೈವ, ತೋರಿಸಿದ ಮರ, ಎತ್ತಿದ ಬಳಿಕ ಮಾಡಬೇಕಾದ ಕಾರ್ಯ ಈ ಮೂರೂ ನಿಧಿಯ ಭಾಗಗಳೇ ಆಗಿವೆ. ಎತ್ತಿದ ಹೊನ್ನು ಎತ್ತಿದ ಜಾಗದಲ್ಲಿಯೇ ಗುಡಿಯಾಗಿ ನಿಲ್ಲುತ್ತದೆ. ಒಬ್ಬನ ಉಡಿಗೆ ಬೀಳಬಹುದಾಗಿದ್ದ ಧನವು ಎಲ್ಲರ ಕಣ್ಣೆದುರಿನ ಕಲ್ಲುಕಟ್ಟಡವಾಗಿ ಮಾರ್ಪಡುತ್ತದೆ. ಎರಡನೆಯ ಪಾಠದಲ್ಲಂತೂ ಲಿಂಗ ಮತ್ತು ಧನ ಒಂದೇ ನೆಲದೊಳಗಿನವು; ಲಿಂಗವನ್ನು ಬಿಟ್ಟು ಧನವನ್ನು ಮಾತ್ರ ಒಯ್ಯುವ ಆಯ್ಕೆಯನ್ನು ಕಥೆ ಅವನಿಗೆ ಕೊಡುವುದಿಲ್ಲ.

ಈ ವಿನ್ಯಾಸ ಹಲಸೂರಿಗೆ ಸೀಮಿತವಲ್ಲ. 11ನೆಯ ಶತಮಾನದ ದುರ್ಗಸಿಂಹನ ‘ಕರ್ಣಾಟಕ ಪಂಚತಂತ್ರ’ದಲ್ಲಿ ಬರುವ ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆ ಕನ್ನಡ ಓದುಗರಿಗೆ ಚಿರಪರಿಚಿತ. ಇಬ್ಬರೂ ಕೂಡಿ ಆಲದ ಮರದ ಬುಡದಲ್ಲಿ ಹೊನ್ನನ್ನು ಹೂಳುತ್ತಾರೆ. ಒಬ್ಬನು ಇರುಳಿನಲ್ಲಿ ಬಂದು ಅದನ್ನು ಅಗೆದೊಯ್ದು, ಕಳವಿನ ಆರೋಪವನ್ನು ಇನ್ನೊಬ್ಬನ ಮೇಲೆ ಹೊರಿಸಿ, ಮರವೇ ಸಾಕ್ಷಿ ಎನ್ನುತ್ತಾನೆ. ತನ್ನ ತಂದೆಯನ್ನು ಪೊಟರೆಯಲ್ಲಿ ಅಡಗಿಸಿ ಸುಳ್ಳು ಸಾಕ್ಷಿ ನುಡಿಸಿದ್ದು ಅವನ ಸರ್ವನಾಶಕ್ಕೆ ಕಾರಣವಾಗುತ್ತದೆ. ಹೊನ್ನಿನ ಕಳವಿಗಿಂತ ಸಾಕ್ಷಿಯ ಕಳವು ಘೋರವೆಂಬುದು ಕಥೆಯ ತಿರುಳು. ಗ್ರಾಮೀಣ ಐತಿಹ್ಯಗಳ ಕಾವಲು ಸರ್ಪವೂ ಇದೇ ಸಾಲಿಗೆ ಸೇರುವಂಥದು. ಅದನ್ನು ಭಯದ ಪ್ರತೀಕವೆಂದು ವಿವರಿಸುವುದು ಸುಲಭ. ಆದರೆ ಹೊನ್ನನ್ನು ಯಾರು ಇಟ್ಟರು, ಯಾರಿಗಾಗಿ ಇಟ್ಟರು ಎಂಬುದನ್ನು ಬಲ್ಲ ಏಕೈಕ ಜೀವಿ ಅದು ಎಂಬುದನ್ನು ಮರೆಯುವಂತಿಲ್ಲ.

3. ಶಾಸನ ಮತ್ತು ಅದರ ತಪ್ಪು ಓದು

ನಿಧಿ ಎಂಬುದು ಜನಪದರ ಕಲ್ಪನೆ ಮಾತ್ರವಲ್ಲ, ಭೂಹಕ್ಕಿನ ಪರಿಭಾಷೆಯೂ ಹೌದು. ಮಧ್ಯಕಾಲೀನ ದಾನಶಾಸನಗಳಲ್ಲಿ, ವಿಶೇಷವಾಗಿ ವಿಜಯನಗರ ಕಾಲದವುಗಳಲ್ಲಿ, ಭೂಮಿಯನ್ನು ‘ಅಷ್ಟಭೋಗ ತೇಜಸ್ಸಾಮ್ಯ’ದೊಡನೆ ಕೊಡುವ ಸೂತ್ರ ಮತ್ತೆ ಮತ್ತೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳಲ್ಲಿ ಮೊದಲ ಎರಡೂ ನೆಲದೊಳಗಿನ ಧನಕ್ಕೆ ಸಂಬಂಧಿಸಿದವು. ಹೊಲದ ಮೇಲಿನ ಬೆಳೆ, ಪಕ್ಕದ ನೀರು, ಒಳಗಿನ ಕಲ್ಲು ಮತ್ತು ಹೂತ ಹೊನ್ನು ಒಂದೇ ಹಕ್ಕಿನ ಅಂಗಗಳೆಂದು ಈ ಸೂತ್ರ ತಿಳಿಯುತ್ತದೆ. ಇಲ್ಲಿಯೂ ನಿಧಿ ಬಿಡಿಯಾಗಿ ನಿಲ್ಲುವುದಿಲ್ಲ. ಎಂಟರಲ್ಲಿ ಒಂದಾಗಿ ನಿಲ್ಲುತ್ತದೆ. ಆ ಹಕ್ಕಿಗೆ ಸಾಕ್ಷಿಯಾಗಿ ಕಲ್ಲಿನ ತಲೆಯ ಮೇಲೆ ಸೂರ್ಯಚಂದ್ರರನ್ನು ಕೆತ್ತಲಾಗುತ್ತದೆ.

ಬೆಂಗಳೂರಿನ ಪೂರ್ವಭಾಗದ ಶಾಸನಗಳು ಕನ್ನಡದ ಜೊತೆಗೆ ತಮಿಳಿನಲ್ಲಿಯೂ ದೊರೆಯುತ್ತವೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಬಾಗಿಲವಾಡದ ತಮಿಳು ಶಾಸನವು ಆ ಊರನ್ನು ತೊಂಬಲೂರು ಎಂದೂ ದೇಶಿಮಾಣಿಕ್ಕಪಟ್ಟಣವೆಂದೂ ಹೆಸರಿಸುತ್ತದೆ. ವಿಭೂತಿಪುರದ 14ನೆಯ ಶತಮಾನದ ಆರಂಭದ ತಮಿಳು ಶಾಸನವು ಕಾಡು ಕಡಿದು, ನೆಲ ಮಟ್ಟ ಮಾಡಿ, ಕೆರೆ ಕಟ್ಟಿದ ಕೆಲಸವನ್ನು ದಾಖಲಿಸುತ್ತದೆ. ಈ ಕಲ್ಲುಗಳು ಹೇಳುವುದು ಹೊಲ ಹೇಗೆ ಹೊಲವಾಯಿತು, ಊರು ಹೇಗೆ ಪಟ್ಟಣವಾಯಿತು ಎಂಬುದನ್ನು. ನಗರದ ಬಡಾವಣೆಗಳು ಹೊಲಗಳನ್ನು ನುಂಗಿದ ಬಳಿಕ ಇಂತಹ ಕಲ್ಲುಗಳೇ ಆ ನೆಲದ ಉಳಿದ ಸಾಕ್ಷಿಗಳು.

ಓದಲಾರದ ಲಿಪಿಯನ್ನು ನಿಧಿಯ ಗುಟ್ಟೆಂದು ಭಾವಿಸುವ ರೂಢಿ ನಾಡಿನಾದ್ಯಂತ ಇದೆ. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳು ದತ್ತಿಭೂಮಿಯ ಎಲ್ಲೆಯನ್ನು ಗುರುತಿಸಲು ನೆಟ್ಟವು. ನಿಧಿಗಳ್ಳನು ಅವನ್ನು ನಿಧಿಯ ಗುರುತೆಂದು ಓದುತ್ತಾನೆ. ಕಲ್ಲನ್ನು ಉರುಳಿಸುತ್ತಾನೆ, ಕೆಲವೊಮ್ಮೆ ಒಡೆಯುತ್ತಾನೆ. ಎಲ್ಲೆಯ ಕಲ್ಲು ತನ್ನ ಸ್ಥಾನದಿಂದ ಕದಲಿದೊಡನೆ ಅದರ ಅರ್ಥದ ಅರ್ಧಭಾಗ ನಾಶವಾಗುತ್ತದೆ. ಅಕ್ಷರಗಳು ಉಳಿದರೂ ಅವು ಯಾವ ಹೊಲವನ್ನು ಕುರಿತವು ಎಂಬುದು ಅಳಿಸಿಹೋಗುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ರಾತ್ರೋರಾತ್ರಿ ಕೆಡವಿದ ಘಟನೆಯ ಹಿಂದೆ ನಿಧಿಯಾಸೆ ಇತ್ತೆಂದು ತನಿಖೆಯಲ್ಲಿ ಕಂಡುಬಂದಿತು. ಯತಿಯ ಸಮಾಧಿಯನ್ನು ಹೊನ್ನಿನ ಪೆಟ್ಟಿಗೆಯೆಂದು ಓದಿದ ಈ ಕೃತ್ಯವನ್ನು ಮೂಢನಂಬಿಕೆಯ ಫಲವೆಂದಷ್ಟೇ ಹೇಳಿ ಮುಗಿಸಲಾಗದು. ನಂಬಿಕೆಯಲ್ಲಿ ಇದ್ದ ಕಾವಲನ್ನು ಕಳಚಿ, ಹೊನ್ನನ್ನು ಮಾತ್ರ ಉಳಿಸಿಕೊಂಡ ಓದು ಅದು.

4. ಅಂಜನದಿಂದ ಲೋಹಶೋಧಕಕ್ಕೆ

ನಿಧಿಯನ್ನು ಕಾಣುವ ಸಾಂಪ್ರದಾಯಿಕ ಕ್ರಮ ಅಂಜನ. ಮಂತ್ರಿಸಿದ ಕಾಡಿಗೆಯನ್ನು ವೀಳ್ಯದೆಲೆಗೋ ಉಗುರಿಗೋ ಹಚ್ಚಿ, ಅದರಲ್ಲಿ ಮೂಡುವ ನೋಟವನ್ನು ಮತ್ತೊಬ್ಬರಿಂದ ಹೇಳಿಸುವುದು ಅದರ ವಿಧಾನ. ಈ ಕ್ರಮದಲ್ಲಿ ಅಂಜನ ಹಾಕುವವನು, ನೋಡುವವನು, ಕೇಳುವವನು ಎಂದು ಕನಿಷ್ಠ ಮೂವರಿರುತ್ತಾರೆ. ಮಧ್ಯೆ ಅನುಮತಿ ಕೊಡುವ ಅಥವಾ ನಿರಾಕರಿಸುವ ಒಂದು ಶಕ್ತಿಯ ಕಲ್ಪನೆಯೂ ಇದೆ. ಈ ಸಂಪ್ರದಾಯವನ್ನು ಆದರ್ಶವೆಂದು ಬಿಂಬಿಸುವ ಅಗತ್ಯವಿಲ್ಲ. ನಿಧಿಯ ಕಾವಲಿಗೆ ಬಲಿ ಬೇಕೆಂಬ ನಂಬಿಕೆಯಿಂದ ಅಮಾಯಕರು ಪ್ರಾಣ ಕಳೆದುಕೊಂಡಿದ್ದಾರೆ. ಕರ್ನಾಟಕವು ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರಗಳ ವಿರುದ್ಧ 2017ರಲ್ಲಿ ರೂಪಿಸಿದ ಕಾಯ್ದೆಯು ನಿಧಿಗಾಗಿ ನಡೆಸುವ ಇಂತಹ ಕೃತ್ಯಗಳನ್ನು ಅಪರಾಧವೆಂದು ಪರಿಗಣಿಸುತ್ತದೆ. ಇದು ಅಗತ್ಯವಾದ ಕ್ರಮವೇ ಸರಿ. ಆದರೆ ಕಾಯ್ದೆಯು ತಡೆಯುವುದು ಬಲಿಯನ್ನು. ಯಾವ ಬಲಿಯನ್ನೂ ಕೇಳದ ಯಂತ್ರ ಅದರ ವ್ಯಾಪ್ತಿಯ ಹೊರಗಿದೆ.

ಲೋಹಶೋಧಕದ ಕೆಲಸ ಸರಳ ಭೌತತತ್ವವನ್ನು ಆಧರಿಸಿದೆ. ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಸಮೀಪದ ಲೋಹದಲ್ಲಿ ಸುಳಿವಿದ್ಯುತ್ತು ಹುಟ್ಟುತ್ತದೆ. ಅದರ ಮರುಪರಿಣಾಮವನ್ನು ಯಂತ್ರವು ಸದ್ದಾಗಿ ತಿಳಿಸುತ್ತದೆ. ನಾಣ್ಯದಷ್ಟು ಸಣ್ಣ ವಸ್ತುವನ್ನು ಸಾಮಾನ್ಯ ಯಂತ್ರವು ಸುಮಾರು ಒಂದು ಅಡಿ ಆಳದವರೆಗೆ ಗುರುತಿಸಬಲ್ಲುದು. ಕಬ್ಬಿಣದ ಅಂಶ ಹೆಚ್ಚಿರುವ ಕೆಮ್ಮಣ್ಣಿನಲ್ಲಿ ಅದು ಸುಳ್ಳು ಸದ್ದನ್ನೂ ಮಾಡುತ್ತದೆ. ಶಾತವಾಹನರ ಸೀಸದ ನಾಣ್ಯವೂ ನಿನ್ನೆ ಬಿದ್ದ ನೇಗಿಲಿನ ಕುಳವೂ ಅದಕ್ಕೆ ಲೋಹವೇ. ಮಡಕೆಯ ಚೂರು, ಸುಟ್ಟ ಕಾಳು, ಮೂಳೆ, ಬೂದಿ, ಶಂಖದ ಬಳೆ ಇವುಗಳ ಮುಂದೆ ಮಾತ್ರ ಅದು ಮೌನವಾಗಿರುತ್ತದೆ. ಒಂದು ಪ್ರಾಚೀನ ನೆಲೆಯಲ್ಲಿ ಬಹುಪಾಲು ಇರುವುದು ಈ ಮೌನದ ವಸ್ತುಗಳೇ. ಯಂತ್ರದ ಸದ್ದಿಗೆ ಓಗೊಟ್ಟು ತೋಡಿದ ಒಂದೊಂದು ಗುಂಡಿಯೂ ಈ ಮೌನದ ಪದರಗಳನ್ನು ಕಲಸಿಬಿಡುತ್ತದೆ.

ಬೆಂಗಳೂರಿನ ಸುತ್ತಣ ಬೃಹತ್ ಶಿಲಾಸಮಾಧಿಗಳ ಸ್ಥಿತಿ ಇದಕ್ಕೆ ಸೂಕ್ತ ನಿದರ್ಶನ. ಕೃಷ್ಣರಾಜಪುರದಿಂದ ಪೂರ್ವಕ್ಕೆ, ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಎಂ. ಶೇಷಾದ್ರಿಯವರು ಇಂತಹ ಸಮಾಧಿಗಳ ಉತ್ಖನನ ನಡೆಸಿದರು. ‘ಪಾಂಡವರ ಮನೆ’, ‘ಪಾಂಡವರ ಗುಡಿ’ ಮುಂತಾಗಿ ಜನ ಕರೆಯುವ ಈ ರಚನೆಗಳಲ್ಲಿ ಸಾಮಾನ್ಯವಾಗಿ ಇರುವುದು ಕಪ್ಪು ಮತ್ತು ಕೆಂಪು ಬಣ್ಣದ ಮಡಕೆಗಳು, ಮೂಳೆಗಳು, ಕಬ್ಬಿಣದ ಆಯುಧಗಳು. ಯಂತ್ರವು ಕಬ್ಬಿಣಕ್ಕೆ ಸದ್ದು ಮಾಡುತ್ತದೆ. ಶೋಧಕನು ಹೊನ್ನೆಂದು ಅಗೆಯುತ್ತಾನೆ. ತುಕ್ಕು ಹಿಡಿದ ಕಬ್ಬಿಣವನ್ನು ಎಸೆದು, ಒಡೆದ ಮಡಕೆಯನ್ನು ತುಳಿದು ಹೋಗುತ್ತಾನೆ. ಅವನಿಗೂ ಏನೂ ದಕ್ಕುವುದಿಲ್ಲ, ಅಧ್ಯಯನಕ್ಕೂ ಏನೂ ಉಳಿಯುವುದಿಲ್ಲ.

5. ನಾಣ್ಯರಾಶಿಗಳು: ವಿದ್ವತ್ತಿನ ಲೋಹಶೋಧಕ

ಸಾಕ್ಷಿಯನ್ನು ಬಿಟ್ಟು ಲೋಹವನ್ನು ಎತ್ತುವ ದೋಷ ನಿಧಿಗಳ್ಳನೊಬ್ಬನದೇ ಅಲ್ಲ. ನಗರದ ವಾಯವ್ಯದ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿಯ ನಾಣ್ಯಗಳು ದೊರೆತವು. ಪೂರ್ವದ ಎಚ್‌ಎಎಲ್ ಪ್ರದೇಶದಲ್ಲಿ 1965ರಲ್ಲಿ ಮತ್ತೊಂದು ರೋಮನ್ ನಾಣ್ಯರಾಶಿ ಬೆಳಕಿಗೆ ಬಂದಿತು. ಬೆಂಗಳೂರಿನ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ತಪ್ಪದೆ ಉಲ್ಲೇಖಿಸುತ್ತಾರೆ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮುಂತಾದ ಚಕ್ರವರ್ತಿಗಳ ಹೆಸರುಗಳು ಬರುತ್ತವೆ; ಕ್ರಿಸ್ತಶಕದ ಆರಂಭದಲ್ಲಿಯೇ ಬೆಂಗಳೂರಿಗೆ ರೋಮಿನೊಡನೆ ವ್ಯಾಪಾರವಿತ್ತೆಂಬ ತೀರ್ಮಾನವೂ ಬರುತ್ತದೆ. ಆದರೆ ನಾಣ್ಯಗಳ ಮೇಲಿನ ಮುಖಗಳು ಪರಿಚಿತವಾದಷ್ಟು, ಅವುಗಳನ್ನು ಒಳಗೊಂಡಿದ್ದ ಪಾತ್ರೆ, ಸುತ್ತಲಿನ ಮಣ್ಣು, ಸಮೀಪದ ವಸತಿ ಈ ಚರಿತ್ರೆಗಳಲ್ಲಿ ಪರಿಚಿತವಾಗಿಲ್ಲ. ಒಂದು ನಾಣ್ಯವು ಟಂಕಗೊಂಡ ಕಾಲ ಅದು ಹೂಳಲ್ಪಟ್ಟ ಕಾಲವಲ್ಲ. ರೋಮನ್ ಬೆಳ್ಳಿ ಶತಮಾನದ ಬಳಿಕವೂ ಕೈಯಿಂದ ಕೈಗೆ ಸಾಗಿರಬಹುದು. ಅದನ್ನು ಹೂತವನು ವರ್ತಕನೋ, ಪಾಳೆಯ ಬಿಟ್ಟ ಸೈನಿಕನೋ, ಗುಡಿಯ ಭಂಡಾರಿಯೋ ಎಂಬುದನ್ನು ನಾಣ್ಯ ಹೇಳಲಾರದು. ಹೇಳಬಲ್ಲ ಸಾಕ್ಷಿ ಸುತ್ತಲಿನ ನೆಲವೊಂದೇ.

ಚಿತ್ರದುರ್ಗದ ಚಂದ್ರವಳ್ಳಿಯ ಜೊತೆಗೆ ಹೋಲಿಸಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಎಂ.ಎಚ್. ಕೃಷ್ಣ ಅವರೂ, ಮುಂದೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ರೋಮನ್ ನಾಣ್ಯ, ಶಾತವಾಹನ ನಾಣ್ಯ, ಬಣ್ಣದ ಮಡಕೆಗಳು ಪದರಗಳ ಸಂಬಂಧದಲ್ಲಿ ದಾಖಲಾದವು. ಆದ್ದರಿಂದ ಅಲ್ಲಿಯ ಕೆಲವೇ ನಾಣ್ಯಗಳು ಆ ಮಡಕೆಗಳಿಗೆ ಕಾಲವನ್ನು ಕೊಟ್ಟವು, ಮಡಕೆಗಳು ನಾಣ್ಯಗಳಿಗೆ ಬಳಕೆಯನ್ನು ಕೊಟ್ಟವು. ಯಶವಂತಪುರದ ನೂರಾರು ನಾಣ್ಯಗಳಿಗಿಂತ ಚಂದ್ರವಳ್ಳಿಯ ಬೆರಳೆಣಿಕೆಯ ನಾಣ್ಯಗಳು ದಕ್ಷಿಣ ಭಾರತದ ಕಾಲಾನುಕ್ರಮಣಿಕೆಗೆ ಹೆಚ್ಚು ನೆರವಾದದ್ದು ಈ ಕಾರಣದಿಂದ. ಐತಿಹ್ಯದ ಭಾಷೆಯಲ್ಲಿ ಹೇಳುವುದಾದರೆ, ಚಂದ್ರವಳ್ಳಿಯ ನಿಧಿ ತನ್ನ ಸಾಕ್ಷಿಯೊಡನೆ ಮೇಲೆ ಬಂದಿತು.

6. ಕಾನೂನಿನ ದೃಷ್ಟಿ

1878ರ ಭಾರತೀಯ ನಿಧಿ ಕಾಯ್ದೆಯು ನೆಲದಲ್ಲಿ ಅಡಗಿರುವ, ಬೆಲೆಯುಳ್ಳ ಯಾವುದೇ ವಸ್ತುವನ್ನು ನಿಧಿಯೆಂದು ವ್ಯಾಖ್ಯಾನಿಸಿತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತರೆ ಅದರ ಸ್ವರೂಪ ಹಾಗೂ ಅಂದಾಜು ಬೆಲೆ, ದೊರೆತ ಸ್ಥಳ, ದೊರೆತ ದಿನ ಇವನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ಅದು ವಿಧಿಸಿತು. ಒಡೆಯರಿಲ್ಲದ ನಿಧಿಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ನಾಲ್ಕರಲ್ಲಿ ಮೂರು ಪಾಲು ಕಂಡವನಿಗೆ, ಒಂದು ಪಾಲು ನೆಲದ ಒಡೆಯನಿಗೆ. ಸರ್ಕಾರವು ಅದನ್ನು ವಶಪಡಿಸಿಕೊಂಡರೆ ವಸ್ತುವಿನ ಲೋಹದ ಬೆಲೆಯ ಜೊತೆಗೆ ಅದರ ಐದನೆಯ ಒಂದು ಭಾಗವನ್ನು ಸೇರಿಸಿ ಕೊಡಬೇಕು. ಈ ವ್ಯವಸ್ಥೆಯಲ್ಲಿ ಸ್ಥಳವನ್ನು ಕೇಳಲಾಗಿದೆ ಎಂಬುದು ಶ್ಲಾಘ್ಯ. ಆದರೆ ಆಳವನ್ನು, ಜೊತೆಗಿದ್ದ ವಸ್ತುಗಳನ್ನು ಕೇಳಿಲ್ಲ. ಮಡಕೆಯೊಳಗಿನ ನಾಣ್ಯಕ್ಕೆ ಬೆಲೆಯುಂಟು. ಒಡೆದ ಮಡಕೆಗೆ ಇಲ್ಲ. ಅಷ್ಟಭೋಗದ ಎಂಟರಲ್ಲಿ ಒಂದಾಗಿದ್ದ ನಿಧಿಯನ್ನು ಈ ಕಾಯ್ದೆ ಉಳಿದ ಏಳರಿಂದ ಬೇರ್ಪಡಿಸಿ ತೂಕಕ್ಕೆ ಇಟ್ಟಿತು.

ರಾಜ್ಯವು 1962ರಲ್ಲಿ ತನ್ನದೇ ಆದ ನಿಧಿ ಕಾಯ್ದೆಯನ್ನು ತಂದಿತು. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ ಮತ್ತು 1961ರ ರಾಜ್ಯ ಕಾಯ್ದೆಗಳು ಸಂರಕ್ಷಿತ ನೆಲೆಗಳಲ್ಲಿ ಅನುಮತಿಯಿಲ್ಲದ ಉತ್ಖನನವನ್ನು ನಿಷೇಧಿಸಿದವು. 1972ರ ಪ್ರಾಚ್ಯವಸ್ತು ಕಾಯ್ದೆಯು ನೂರು ವರ್ಷ ಮೀರಿದ ವಸ್ತುಗಳ ಮಾರಾಟ ಮತ್ತು ರಫ್ತಿನ ಮೇಲೆ ನಿಯಂತ್ರಣ ತಂದಿತು. ಇವೆಲ್ಲವೂ ಗುರುತಿಸಲಾದ ನೆಲೆಗೆ ಅಥವಾ ಗುರುತಿಸಲಾದ ವಸ್ತುವಿಗೆ ಅನ್ವಯಿಸುವಂಥವು. ಹಾಳೂರು ದಿಣ್ಣೆಯೊಂದು ರೈತನ ಹೊಲವಾಗಿಯೇ ಉಳಿದಿರುವಾಗ, ಅದರ ಪದರಗಳನ್ನು ಕಾಯುವ ಹೊಣೆ ಯಾರದೆಂಬ ಪ್ರಶ್ನೆ ಉಳಿಯುತ್ತದೆ.

ಇಂಗ್ಲೆಂಡಿನ ಅನುಭವ ಇಲ್ಲಿ ಪ್ರಸ್ತುತ. 1992ರಲ್ಲಿ ಸಫೋಕ್ ಪ್ರಾಂತದ ಹಾಕ್ಸನ್ ಗ್ರಾಮದ ಹೊಲದಲ್ಲಿ ಕಳೆದುಹೋದ ಸುತ್ತಿಗೆಯೊಂದನ್ನು ಲೋಹಶೋಧಕದಿಂದ ಹುಡುಕುತ್ತಿದ್ದ ವ್ಯಕ್ತಿಗೆ ರೋಮನ್ ನಿಧಿ ಕಂಡಿತು. ಅವನು ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದ್ದರಿಂದ ಪುರಾತತ್ವಜ್ಞರು ಸುಮಾರು 15,000 ನಾಣ್ಯಗಳನ್ನೂ, ಚಿನ್ನ ಬೆಳ್ಳಿಯ ವಸ್ತುಗಳನ್ನೂ, ಅವನ್ನು ಇಟ್ಟಿದ್ದ ಮರದ ಪೆಟ್ಟಿಗೆಯ ಕುರುಹನ್ನೂ ದಾಖಲಿಸಲು ಸಾಧ್ಯವಾಯಿತು. 1996ರ ನಿಧಿ ಕಾಯ್ದೆ ಮತ್ತು ಮರುವರ್ಷ ಆರಂಭವಾದ ಬಿಡಿ ಪ್ರಾಚ್ಯವಸ್ತುಗಳ ದಾಖಲಾತಿ ಯೋಜನೆಗಳು ಇಂತಹ ನಡವಳಿಕೆಗೆ ಸಾಂಸ್ಥಿಕ ರೂಪ ಕೊಟ್ಟವು. ಆ ವ್ಯವಸ್ಥೆಯನ್ನು ಇಲ್ಲಿಗೆ ಯಥಾವತ್ತಾಗಿ ತರುವುದು ವಿವೇಕವಲ್ಲ. ಅಲ್ಲಿಯೂ ಇರುಳಿನ ಕಳ್ಳಶೋಧ ನಿಂತಿಲ್ಲ. ಇಲ್ಲಿಯ ಗ್ರಾಮಗಳ ಸಂಖ್ಯೆ, ಪುರಾತತ್ವ ಸಿಬ್ಬಂದಿಯ ಪ್ರಮಾಣ ಬೇರೆ. ಗ್ರಹಿಸಬೇಕಾದದ್ದು ಒಂದೇ: ಅಗೆಯುವುದನ್ನು ನಿಲ್ಲಿಸಿ ಕರೆದ ಆ ಗಳಿಗೆಯಲ್ಲಿಯೇ ನಿಧಿಗೆ ಸಾಕ್ಷಿ ದೊರೆಯಿತು.

7. ಜಾನಪದ ಅಧ್ಯಯನದ ಹೊಣೆ

ಉಳಿದ ಶಾಸ್ತ್ರಗಳ ಮೇಲೆ ಹೊರಿಸಿದ ಆಕ್ಷೇಪದಿಂದ ಜಾನಪದ ಅಧ್ಯಯನವೂ ಹೊರತಲ್ಲ. ಸ್ಟಿತ್ ಥಾಮ್ಸನ್ ಸಿದ್ಧಪಡಿಸಿದ ಆಶಯಸೂಚಿಯಲ್ಲಿ ನಿಧಿಯ ಆಶಯಗಳಿಗೆ ಎನ್ 500ರಿಂದ ಎನ್ 599ರವರೆಗಿನ ಸಂಖ್ಯೆಗಳು ಮೀಸಲಾಗಿವೆ. ಕಾವಲು ಸರ್ಪ, ಕನಸಿನ ಸೂಚನೆ, ಕೈತಪ್ಪಿದ ನಿಧಿ ಎಲ್ಲಕ್ಕೂ ಸ್ಥಾನವಿದೆ. ತೌಲನಿಕ ಅಧ್ಯಯನಕ್ಕೆ ಇದು ಅನಿವಾರ್ಯ ಸಾಧನ. ಆದರೆ ಸಂಖ್ಯೆ ಕೊಟ್ಟೊಡನೆ ಹಲಸೂರಿನ ಮರ ಹಲಸೂರಿನದಾಗಿ ಉಳಿಯುವುದಿಲ್ಲ. ಅಲನ್ ಡಂಡೆಸ್ 1964ರಲ್ಲಿಯೇ ಪಠ್ಯದಷ್ಟೇ ಸಂದರ್ಭವೂ ಮುಖ್ಯವೆಂದು ಪ್ರತಿಪಾದಿಸಿದರು. ಕನ್ನಡ ವಿದ್ವಾಂಸರು ಅದನ್ನು ಸ್ವಾಗತಿಸಿದರು. ಆದರೂ ಸಂದರ್ಭವೆಂದರೆ ಹೇಳುವವನ ವಯಸ್ಸು, ಜಾತಿ, ಕಥೆ ಹೇಳಿದ ಸಮಯ ಎಂಬಲ್ಲಿಗೆ ಅದು ನಿಂತಿತು. ಐತಿಹ್ಯವು ಬೆರಳು ಮಾಡಿ ತೋರಿಸುವ ಹೊಲವನ್ನು ಸಂದರ್ಭದ ಭಾಗವೆಂದು ದಾಖಲಿಸಿದ ಸಂಗ್ರಹಗಳು ಅಪರೂಪ. ಪುರಾತತ್ವಜ್ಞನ ‘ಸಂದರ್ಭ’ವೂ ಜಾನಪದ ವಿದ್ವಾಂಸನ ‘ಸಂದರ್ಭ’ವೂ ನಿಧಿ ಐತಿಹ್ಯದಲ್ಲಿ ಒಂದೇ ನೆಲದ ಮೇಲೆ ಸಂಧಿಸುತ್ತವೆ ಎಂಬುದನ್ನು ಎರಡೂ ಶಾಸ್ತ್ರಗಳು ಸಾಕಷ್ಟು ಗಮನಿಸಿಲ್ಲ.

ಹಾಳೂರು ದಿಣ್ಣೆ, ಬೂದಿದಿಬ್ಬ, ಕೊಪ್ಪರಿಗೆ ಹೊಲ, ಪಾಂಡವರ ಮನೆ ಎಂಬಂತಹ ಸ್ಥಳನಾಮಗಳು ಗತಕಾಲದ ವಸತಿಯ ಸ್ಮೃತಿಯನ್ನು ಹೊತ್ತಿರಬಲ್ಲವು. ಇವನ್ನು ಐತಿಹ್ಯದೊಡನೆ, ಹತ್ತಿರದ ಕಲ್ಲಿನೊಡನೆ, ಮೇಲ್ಮೈಯಲ್ಲಿ ಕಾಣುವ ಮಡಕೆ ಚೂರುಗಳೊಡನೆ ಒಟ್ಟಾಗಿ ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ಕೆಲಸವಾಗಬೇಕು. ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ, ಬೆಂಗಳೂರು ಪ್ರದೇಶದ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆಯು ಕಲ್ಲಿನ ಪಠ್ಯದ ಜೊತೆಗೆ ಕಲ್ಲು ಇರುವ ತಾಣವನ್ನೂ ದಾಖಲಿಸುವ ದಾರಿಯನ್ನು ತೋರಿದೆ. ಆ ಕಲ್ಲನ್ನು ಕುರಿತು ಊರು ಹೇಳುವ ಕಥೆಯೂ ಅದರೊಡನೆ ಸೇರಿದಾಗ ದಾಖಲೆ ಪೂರ್ಣವಾಗುತ್ತದೆ.

ಇಲ್ಲಿ ಒಂದು ನೈಜ ಸಂದಿಗ್ಧವಿದೆ. ಹೊಲದ ಸರ್ವೆ ಸಂಖ್ಯೆಯನ್ನು ಅಚ್ಚು ಹಾಕಿದರೆ ವಿದ್ವತ್ ಗ್ರಂಥವೇ ನಿಧಿಗಳ್ಳನ ಕೈಪಿಡಿಯಾಗಬಹುದು. ಹಾಕದಿದ್ದರೆ ಮುಂದಿನ ಸಂಶೋಧಕನಿಗೆ ನೆಲೆ ಕಳೆದುಹೋಗುತ್ತದೆ. ನಿಖರ ತಾಣವನ್ನು ಸಂಸ್ಥೆಗಳ ದಾಖಲಾಗಾರದಲ್ಲಿ ಇರಿಸಿ, ಪ್ರಕಟಿತ ಪಾಠದಲ್ಲಿ ಗ್ರಾಮದ ಹೆಸರಿಗೆ ಸೀಮಿತಗೊಳಿಸುವುದು ಸದ್ಯಕ್ಕೆ ಸಾಧುವಾದ ಕ್ರಮ. ಆದರೆ ಗೋಪ್ಯತೆಯೊಂದೇ ಕಾವಲಾಗದು. ಅಂಜನಕಾರನಿಗೂ ಯಂತ್ರ ಹಿಡಿದವನಿಗೂ ಹೊಲದ ಸುದ್ದಿ ಗ್ರಂಥದಿಂದ ಸಿಗುವುದಕ್ಕಿಂತ ಹೆಚ್ಚಾಗಿ ಊರಿನವರ ಬಾಯಿಂದಲೇ ಸಿಗುತ್ತದೆ. ಆದ್ದರಿಂದ ಕಲ್ಲಿನ ಅಕ್ಷರ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಆ ಊರಿನವರಿಗೆ ಅವರ ಮಾತಿನಲ್ಲಿ ಓದಿ ಹೇಳುವುದೇ ಹೆಚ್ಚು ಬಲವಾದ ರಕ್ಷಣೆ. ತಮ್ಮ ಊರಿನ ಕೆರೆ ಕಟ್ಟಿದ ಕಥೆ ಆ ಕಲ್ಲಿನಲ್ಲಿದೆ ಎಂದು ಅರಿತ ಊರು ಅದನ್ನು ಉರುಳಿಸಲು ಸುಲಭವಾಗಿ ಬಿಡದು.

8. ಸಮಾರೋಪ

ಲೋಹಶೋಧಕವನ್ನು ದೂಷಿಸುವುದು ಈ ವಿವೇಚನೆಯ ಗುರಿಯಲ್ಲ. ಅನುಮತಿ ಪಡೆದ ಉತ್ಖನನದಲ್ಲಿ, ಪದರ ಬಲ್ಲವರ ಕೈಯಲ್ಲಿ, ಅದೂ ಒಂದು ಉಪಯುಕ್ತ ಸಾಧನ. ಬೆಂಗಳೂರಿನ ಪೂರ್ವದಲ್ಲಿ ಹೊಲಗಳು ಬಡಾವಣೆಗಳಾಗಿರುವುದರಿಂದ ಇಲ್ಲಿ ಅದರ ಅಪಾಯ ಕಡಿಮೆಯೆಂದೂ ತೋರಬಹುದು. ಆದರೆ ಉಳಿದಿರುವ ಗುಡಿಯ ಅಂಗಳ, ಕೆರೆಯ ಅಂಚು, ಎಲ್ಲೆಯ ಕಲ್ಲುಗಳ ಮೌಲ್ಯ ಅದೇ ಕಾರಣಕ್ಕೆ ಹೆಚ್ಚಿದೆ. ಹೊಸಕೋಟೆಯ ಕಡೆಗೆ ನಗರ ಸರಿಯುತ್ತಿರುವಂತೆ, ಇನ್ನೂ ಹೊಲವಾಗಿಯೇ ಇರುವ ನೆಲೆಗಳ ಐತಿಹ್ಯಗಳನ್ನು ಸಂಗ್ರಹಿಸಲು ಉಳಿದಿರುವ ಅವಧಿಯೂ ಕಿರಿದಾಗುತ್ತಿದೆ. ಹಲಸೂರಿನ ಐತಿಹ್ಯದಲ್ಲಿ ನಿಧಿ ಎತ್ತಿದ ಜಾಗದಲ್ಲಿಯೇ ಗುಡಿ ಎದ್ದಿತು. ನೆಲದಿಂದ ಎತ್ತಿದ ಪ್ರತಿಯೊಂದು ವಸ್ತುವನ್ನೂ ಎತ್ತಿದ ಜಾಗದ ವಿವರಕ್ಕೆ ಕಟ್ಟಿ ಇಡುವುದು ಆ ಕಥೆಯ ನೀತಿಗೆ ಸಂಶೋಧನೆಯು ಸಲ್ಲಿಸಬಹುದಾದ ಸರಿಯಾದ ಗೌರವ.